ತಿರುವಿನ ಸಪ್ಪಳ

ಕಾಲುವೆಯ ತಿರುವಿನಿಂದ ಗಂಡ ಗೊಲ್ಲಾಳಪ್ಪನ ಕಾರಿನ ಅಬ್ಬರ ಕೇಳಿಸಿತು, ಅದರ ಹಿಂದೆಯೇ ಬರಬೇಕಾದ ‘ಫುಸ್’ ಮಾತ್ರ ಕೇಳಿಸಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಭಾಗಮ್ಮನ ಕೈ ನಿಂತಿತು. ಗೊಲ್ಲಾಳಪ್ಪ ತಿರುವಿನಲ್ಲಿ ವೇಗ ತಗ್ಗಿಸಲು ಎಕ್ಸಲರೇಟರಿನಿಂದ ಕಾಲು ತೆಗೆದಾಗ, ಇಂಜಿನ್ನಿಗೆ ಗಾಳಿ ತುಂಬುವ ಟರ್ಬೊದ ಹೆಚ್ಚಿನ ಗಾಳಿಯನ್ನು ವಾಲ್ವು ಹೊರಗೆ ಬಿಡುವ ಸದ್ದದು.

ಹೊಸ ವಾಲ್ವು ಹಾಕಿಸಲೆಂದೇ ಅವನು ಇವತ್ತು ಶಹಾಪುರದ ಗ್ಯಾರೇಜಿಗೆ ಹೋಗಿದ್ದ. “ಗಾಳಿ ಒಳಗ ತಿರುಗೋದು ಹಾಕಸ್ತೀನಿ. ಸಪ್ಪಳ ಇರಂಗಿಲ್ಲ, ಮಂದಿ ಬೈಯೋದು ತಪ್ಪತದ,” ಅಂದಿದ್ದ.

“ಬ್ಯಾಡ್ರಿ, ಹೊರಗ ಬಿಡೋದ ಇರ್ಲಿ. ಆ ಸಪ್ಪಳ ಕೇಳಿದ್ರ ನನಗ ಹೋದ ಜೀವ ಬಂದಂಗ ಆಗ್ತದ,” ಎಂದು ಭಾಗಮ್ಮ ಆಣೆ ಹಾಕಿಸಿಕೊಂಡಿದ್ದಳು.

ಈಗ ಇಂಜಿನ್ನಿನ ಸದ್ದೂ ನಿಂತಿತು. ನಾರಾಯಣಪುರ ಅಣೆಕಟ್ಟಿನಿಂದ ಬಿಟ್ಟ ನೀರು ಕಾಲುವೆಯ ದಂಡೆ ಮುಟ್ಟಿ ಹರಿಯುತ್ತಿತ್ತು.

“ಯಪ್ಪಾ ಶಿವನೇ, ಅವರು ನನ್ನ ಆಣಿ ಮುರದು ಸಪ್ಪಳ ಇಲ್ಲದ್ದ ಹಾಕಿಸಿರ್ಲಿ,” ಎನ್ನುತ್ತ ಭಾಗಮ್ಮ ಹಿಟ್ಟಿನ ಕೈಯಲ್ಲೇ ಕಾಲುವೆಯತ್ತ ಓಡಿದಳು.