ಮೇಲೆ ದೇವರು, ಕೆಳಗೆ ಬೈಗುಳ

ಶರಣವ್ವ ರದ್ದಿಯಲ್ಲಿ ದೇವರನ್ನು ಆರಿಸುತ್ತಿದ್ದಳು, ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಮಗಳ ಡಾಟ್ ಕಾಂ ಕಂಪನಿಯವರು ಹಂಚಿದ ಟೀ ಶರ್ಟನ್ನು ಸೀರೆಯ ಮೇಲೆ ತೊಟ್ಟು, ಗರಾಜಿನ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಪಿಜ್ಜಾದ ಜಾಹೀರಾತು ನೀಲಿ ಬಿನ್ನಿಗೆ, ಗಣಪತಿ ಇದ್ದ ಲಗ್ನಪತ್ರಿಕೆ ಮಡಿಲಿಗೆ.

"ಅವ್ವಾ, ಎಲ್ಲಾ ರಿಸೈಕಲ್ ಬಿನ್ನಿಗೆ ಹಾಕಿಬಿಡು," ಅಂದಳು ಮಗಳು ಶೈಲಜಾ, ಕಾರಿನ ಕೀಲಿ ಅಲ್ಲಾಡಿಸುತ್ತ.

"ಗಣಪ್ಪನ್ನ ಕಸಕ್ಕ ಹಾಕ್ಲೇನು?"

"ಕಸ ಅಲ್ಲವ್ವಾ. ಮತ್ತ ಪೇಪರ್ ಆಗಿ ಬರ್ತಾನ."

"ಯಾವ ಪೇಪರ್ ಆಗಿ ಬರ್ತಾನ ಯಾರಿಗೆ ಗೊತ್ತು? ಪಾಯಖಾನೆ ಪೇಪರ್ ಆಗಿ ಬಂದ್ರ?"

ಶೈಲಜಾ ಗಡಿಯಾರ ನೋಡಿಕೊಂಡಳು. ಮೀಟಿಂಗಿಗೆ ಹೊತ್ತಾಯಿತೆಂದು ಫ್ರೀವೇ ಹಿಡಿದಳು. ಊರಲ್ಲಾಗಿದ್ದರೆ ಹಳೇ ದೇವರನ್ನು ಹೊಳೆಗೆ ಬಿಡಬಹುದಿತ್ತು. ಇಲ್ಲಿ, ಮಗಳ ಊರಾದ ಕ್ಯಾಂಪ್‌ಬೆಲ್ಲಿನ ಹಳ್ಳದಲ್ಲಿ ಗಣಪತಿಯ ಇಲಿ ತೇಲುವಷ್ಟೂ ನೀರಿರಲಿಲ್ಲ, ಮೇಲಾಗಿ ಏನಾದರೂ ಎಸೆದರೆ ದಂಡ ಎಂಬ ಬೋರ್ಡು ಬೇರೆ.

ಅಷ್ಟರಲ್ಲಿ ಪಕ್ಕದ ಮನೆಯ ಡೋರಾ ಒಂದು ರಟ್ಟಿನ ಡಬ್ಬವನ್ನು ನೆಲದ ಮೇಲೆ ಎಳೆಯುತ್ತ ಬಂದಳು. ಎಪ್ಪತ್ತು ದಾಟಿದ ಯಹೂದಿ ಹೆಣ್ಣುಮಗಳು. ಗಂಡ ತೀರಿಕೊಂಡ ಮೇಲೆ ಬಣ್ಣದ ಬ್ರಷ್ಷು ಹಿಡಿದವಳು. ಇಬ್ಬರ ನಡುವಿನ ಮಾತು ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆ. ಇಲ್ಲಿ ಕನ್ನಡದಲ್ಲಿ ಬರೆದಿದೆ, ಅಷ್ಟೆ.

"ಶರಣ್, ಇದನ್ನು ಕಾರಿಗೆ ಹಾಕಲು ಸ್ವಲ್ಪ ಕೈ ಹಚ್ಚುತ್ತೀಯಾ? ನಮ್ಮ ಪ್ರಾರ್ಥನಾ ಮಂದಿರ ಸಿನಗಾಗಿಗೆ ಕೊಟ್ಟು ಬರಬೇಕು. ದೇವರ ಹೆಸರಿರುವ ಕಾಗದವನ್ನು ನಾವು ಹರಿಯುವುದಿಲ್ಲ, ಎಸೆಯುವುದಿಲ್ಲ. ಅವರು ಒಟ್ಟು ಮಾಡಿ ಸ್ಮಶಾನದಲ್ಲಿ ಹೂಳುತ್ತಾರೆ."

ಶರಣವ್ವನಿಗೆ ತವರಿನವರು ಸಿಕ್ಕಷ್ಟು ಸಂತೋಷವಾಯಿತು. ಡಬ್ಬ ಎತ್ತುವ ಬದಲು ತೆಗೆದೇ ಬಿಟ್ಟಳು. ಒಳಗೆ ದಪ್ಪ ದಪ್ಪ ಹಾಳೆಗಳು. ಮೇಲರ್ಧದಲ್ಲಿ ದಾಳಿಂಬೆ ಗಿಡ, ಜೋಡಿ ಪಾರಿವಾಳ, ನಡುವೆ ಬಂಗಾರದ ಬಣ್ಣದಲ್ಲಿ ಹೀಬ್ರೂ ಅಕ್ಷರ. ಒಂದು ಹಾಳೆ ತೆಗೆದು ಎರಡೂ ಕಣ್ಣಿಗೆ ಒತ್ತಿಕೊಂಡಳು.

"ಬೆಳಿಗ್ಗೆ ಒಂದು ಕೀರ್ತನೆ ಹೇಳಿಕೊಳ್ಳುತ್ತೇನೆ, ಆಮೇಲೆ ಅದರ ಒಂದು ಸಾಲು ಬರೆಯುತ್ತೇನೆ," ಅಂದಳು ಡೋರಾ. "ಬರೆಯುವಾಗ ಕೈ ನನ್ನದಲ್ಲ ಅನ್ನಿಸುತ್ತದೆ."

"ನನಗ ರಂಗೋಲಿ ಹಾಕುವಾಗ ಹಂಗ. ಚುಕ್ಕಿ ಇಡೂತನಕ ನಾನು, ಗೆರಿ ಎಳಿಯೂವಾಗ ಅವ." ಶರಣವ್ವ ಹಾಳೆಯ ಕೆಳಗೆ ಕಣ್ಣಾಡಿಸಿದಳು. "ಇದೇನು, ತೆಳಗ ಇಂಗ್ಲಿಷಿನಾಗ?"

ಡೋರಾ ಮುಖ ಆಚೆ ತಿರುಗಿಸಿದಳು. "ಪ್ರೀತಿಯ ಮಿರಿಯಂ" ಎಂದು ಶುರುವಾಗಿತ್ತು. ಎರಡನೇ ಸಾಲಿಗೇ "ನೀನು ಹುಟ್ಟಾ ಸ್ವಾರ್ಥಿ." ಇನ್ನೊಂದು ಹಾಳೆ ತೆಗೆದರೆ ಅಲ್ಲೂ ಪ್ರೀತಿಯ ಮಿರಿಯಂ, ಅಲ್ಲಿ ಕಳ್ಳಿ. ಡಬ್ಬದ ತುಂಬ ಹೀಗೇ.

ಮಿರಿಯಂ ನ್ಯೂಯಾರ್ಕಿನಲ್ಲಿರುವ ತಂಗಿ. ತಾಯಿ ಸತ್ತಾಗ ಜೋಡಿ ಬೆಳ್ಳಿ ದೀಪದ ಕಂಬಕ್ಕೆ ಜಗಳಾಡಿ, ಒಬ್ಬೊಬ್ಬರು ಒಂದೊಂದು ಕಿತ್ತುಕೊಂಡು ಹೋಗಿದ್ದರು. ಅಂದಿನಿಂದ ಶುಕ್ರವಾರ ಸಂಜೆಯ ಪ್ರಾರ್ಥನೆಗೆ ಡೋರಾ ಒಂದು ಮೇಣದ ಬತ್ತಿಯನ್ನು ಬೆಳ್ಳಿಯ ಕಂಬದಲ್ಲೂ ಇನ್ನೊಂದನ್ನು ಜಾಮಿನ ಬಾಟಲಿಯಲ್ಲೂ ಹಚ್ಚುತ್ತಾಳೆ.

"ಮೇಲಿನದು ಬರೆಯುವಾಗ ಮನಸ್ಸು ಹೂವಾಗಿರುತ್ತದೆ. ಕೆಳಗಿಳಿಯುವ ಹೊತ್ತಿಗೆ ಆ ಕಂಬ ನೆನಪಾಗುತ್ತದೆ. ಬೈದ ಮೇಲೆ ಕಳಿಸಲಾರೆ. ದೇವರಿದ್ದಾನೆ, ಹರಿಯಲಾರೆ. ಸಾಕಾಯಿತು ಶರಣ್, ಇದನ್ನು ಹೂಳಿಸಿಬಿಟ್ಟರೆ ಮತ್ತೆ ಬರೆಯುವುದಿಲ್ಲ."

"ಮಿರಿಯಂ ಅದಾಳೋ, ಹೋದಳೋ?"

"ಇದ್ದಾಳೆ. ಹೋದ ತಿಂಗಳು ಹೃದಯದ ಆಪರೇಷನ್ ಆಯಿತಂತೆ, ಅವಳ ಮಗ ಹೇಳಿದ."

"ಬದುಕಿದ್ದಾಕಿಗೆ ಬರದದ್ದನ್ನ ಸ್ಮಶಾನಕ್ಕ ಒಯ್ತಾರೇನ್ರಿ ಡೋರಕ್ಕ?"

ಡೋರಾ ಡಬ್ಬದ ಪಕ್ಕದಲ್ಲೇ ಕೂತುಬಿಟ್ಟಳು. ಶರಣವ್ವ ಹಾಳೆಯನ್ನು ಬೆಳಕಿಗೆ ಹಿಡಿದಳು. "ತೆಳಗೂ ದೇವರ ಹೆಸರದ ಏನು?"

"ಇಲ್ಲ. ಕೆಳಗೆ ನಾನೊಬ್ಬಳೇ."

ಶರಣವ್ವ ಒಳಗೆ ಹೋಗಿ, ಕೊತ್ತಂಬರಿ ಕತ್ತರಿಸುವ ಕತ್ತರಿ ತಂದು, "ಪ್ರೀತಿಯ ಮಿರಿಯಂ" ಎಂಬುದಷ್ಟೇ ಉಳಿಯುವಂತೆ ಅದರ ಕೆಳಗೆ ಸರಿಯಾಗಿ ಕತ್ತರಿಸಿದಳು. ಬೈಗುಳವನ್ನು ನೀಲಿ ಬಿನ್ನಿಗೆ, ಪಿಜ್ಜಾದ ಮೇಲೆ ಒಗೆದಳು. "ಇದು ಯಾವ ಪೇಪರ್ ಆಗಿ ಬಂದ್ರೂ ಅಡ್ಡಿಯಿಲ್ಲ."

"ಆದರೆ ಈಗ ಇದರಲ್ಲಿ ನಾನು ಹೇಳಿದ್ದು ಏನೂ ಉಳಿಯಲಿಲ್ಲ."

"ಅದಕ್ಕ ಛಲೋ ಆತು. ನಿಮ್ಮ ಹೆಸರು ಹಾಕ್ರಿ."

ಡೋರಾ ಹೆಸರು ಬರೆದಳು. ಲಕೋಟೆ ತರಲು ಎದ್ದರೆ ಶರಣವ್ವ ಸೆರಗು ಹಿಡಿದಂತೆ ಅವಳ ಸ್ವೆಟರ್ ಹಿಡಿದಳು. "ಲಕೋಟೆ ಬ್ಯಾಡ. ನಿಮ್ಮ ಅಕ್ಷರ ನೋಡಿ ಒಡೀಲಾರದ ಹರೀತಾಳ. ಹಿಂದ ವಿಳಾಸ ಬರದು ಸ್ಟಾಂಪು ಹಚ್ರಿ, ಹಿಂಗ ಹೋಗ್ಲಿ."

"ದೇವರನ್ನು ಬರಿಮೈಯಲ್ಲಿ ಕಳಿಸುವುದೇ?"

"ನಮ್ಮ ಕಡೆ ಬಸ್ಸಿನ ಗಾಜಿಗೆ ಕೂತು ಊರೆಲ್ಲಾ ತಿರಗತಾನ. ಅವಗ ರೂಢಿ ಅದ."

ಮನೆಯ ಮುಂದಿನ ಅಂಚೆಪೆಟ್ಟಿಗೆಗೆ ಡೋರಾ ಅದನ್ನು ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಇನ್ನೊಮ್ಮೆ ಕೈ ಹಾಕುವ ಮೊದಲೇ ಶರಣವ್ವ ಅದರ ಬಾಯಿ ಮುಚ್ಚಿ, ಕಾಗದವಿದೆ ಎಂದು ಅಂಚೆಯವನಿಗೆ ತಿಳಿಸುವ ಕೆಂಪು ಬಾವುಟ ಎತ್ತಿ, ಬೆನ್ನು ಕೊಟ್ಟು ನಿಂತಳು.

"ಮಿರಿಯಂ ನನಗಿಂತ ಸಿಟ್ಟಿನವಳು," ಅಂದಳು ಡೋರಾ ಸಣ್ಣ ದನಿಯಲ್ಲಿ. "ಹರಿದು ಹಾಕಿದರೆ?"

"ನೇಮ ಪಾಲಸ್ತಾಳೋ ಇಲ್ಲೋ?"

"ನನಗಿಂತ ಕಟ್ಟುನಿಟ್ಟು."

"ಹಂಗಾದ್ರ ಹ್ಯಾಂಗ ಹರೀತಾಳ? ಇಟ್ಟುಕೊಳ್ಳಾಕ ಬೇಕು."

ಡೋರಾ ನಗತೊಡಗಿದಳು. ನಗು ನಿಲ್ಲುವ ಮೊದಲೇ ಅಂಚೆಯ ವ್ಯಾನು ಬಂತು. ಶರಣವ್ವ ಪಕ್ಕಕ್ಕೆ ಸರಿದಳು. ಅಂಚೆಯವನು ಬಾವುಟ ಇಳಿಸಿ, ಬಂಗಾರದ ಅಕ್ಷರವನ್ನು ಯಾರದೋ ಕರೆಂಟು ಬಿಲ್ಲಿನ ಪಕ್ಕ ಸಿಕ್ಕಿಸಿಕೊಂಡು ಮುಂದಿನ ಮನೆಗೆ ಹೋದ.