ಹಾಸಿಗೆಯ ಪಕ್ಕದ ಬಿಸಿಲು

ಕಾರ್ಖಾನೆಯ ತಾರಸಿಯಲ್ಲಿ ಬಿಸಿಲಿಗೆ ಹಾಕಿದ್ದ ಹೊಸ ಹಾಸಿಗೆಯೊಂದನ್ನು ದೊಡ್ಡಕ್ಕ ಎಡಗೈಯಲ್ಲೇ ಪಕ್ಕಕ್ಕೆಳೆದು, ಆ ಜಾಗದಲ್ಲಿ ಊಟದ ಡಬ್ಬಿ ಇಟ್ಟುಕೊಂಡು ಕಾಲು ಚಾಚಿ ಕುಳಿತಳು. ಬಲಗೈಯ ಪ್ಲಾಸ್ಟರ್ ಬಿಚ್ಚಿ ನಾಲ್ಕೇ ದಿನವಾಗಿತ್ತು. ಹದಿನೆಂಟು ವರ್ಷ ನೆಲಮಾಳಿಗೆಯ ಟ್ಯೂಬ್‌ಲೈಟಿನ ಕೆಳಗೆ ಹಾಸಿಗೆ ಹೊಲಿದ ಆ ಕೈ, ಒಂದು ಬಕೆಟ್ ನೀರು ಎತ್ತಿದ್ದಕ್ಕೇ ಮುರಿದಿತ್ತು. ಮೂಳೆ ಸವೆದಿದೆ, ವಿಟಮಿನ್ ಡಿ ತೀರಾ ಕಡಿಮೆ, ಮಾತ್ರೆಯ ಜೊತೆ ಬಿಸಿಲೂ ಬೇಕು ಎಂದಿದ್ದರು ಡಾಕ್ಟರಮ್ಮ.

ಮೇಸ್ತ್ರಿ ಏದುಸಿರು ಬಿಡುತ್ತಾ ಮೇಲೆ ಬಂದ. "ಏನಕ್ಕಾ, ನೀನೂ ಒಣಗೋಕೆ ಬಂದ್ಯಾ? ಊಟ ಕೆಳಗೇ ಮಾಡ್ಬೇಕು ಅಂತ ಗೊತ್ತಿಲ್ವಾ? ಏಳು, ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ."

"ಹಾಸಿಗೆಗೆ ಯಾಕಪ್ಪಾ ದಿನಾ ಬಿಸಿಲು ತೋರಿಸ್ತೀಯ?"

"ಇಲ್ದಿದ್ರೆ ಒಳಗಿಂದ್ಲೇ ಹಾಳಾಗುತ್ತೆ."

"ನಾನೂ ಹಾಗೇ ಹಾಳಾಗಿರೋದು." ಅವಳು ರವಿಕೆಯ ತೋಳು ಮೇಲಕ್ಕೆ ಮಡಚಿ, ಬಡಕಲಾದ ಬಲಗೈಯನ್ನು ಬಿಸಿಲಿಗೆ ಚಾಚಿದಳು. "ಊಟದ ಅರ್ಧ ಗಂಟೆ ನಂದು. ಕೆಲಸದಿಂದ ತೆಗೀತೀಯಾ, ತೆಗಿ. ನಾನಂತೂ ಈಗ ಏಳಲ್ಲ."

ಮೆಟ್ಟಿಲ ಮೇಲೆ ಹೆಜ್ಜೆಗಳ ಸದ್ದಾಯಿತು. ಎಲ್ಲರೂ ಮೌನಿ ಎಂದೇ ಕರೆಯುವ ಪಕ್ಕದ ಮಿಷಿನ್ನಿನವಳು ಡಬ್ಬಿ ಹಿಡಿದು ಬಂದಳು. ಅವಳ ಹಿಂದೆಯೇ ಹೊಲಿಗೆಯವರೆಲ್ಲ ಬಂದರು. ಮೌನಿ ಡಬ್ಬಿಯನ್ನು ಕೆಳಗಿಟ್ಟು, ಇನ್ನೊಂದು ಹಾಸಿಗೆಯ ತುದಿ ಹಿಡಿದು ಮೇಸ್ತ್ರಿಯತ್ತ ನೋಡಿದಳು.

"ಆ ಕಡೆ ಸ್ವಲ್ಪ ಹಿಡ್ಕೊಳ್ಳಿ ಅಣ್ಣಾ."