ಒಂಬತ್ತೂಕಾಲಿಗೆ ಹೋಗುವ ನೆಟ್

"ವಾರ ಪೂರ್ತಿ ಛಲೋ ಇರ್ತದರಿ. ಐತವಾರ ಸರಿಯಾಗಿ ಒಂಬತ್ತೂಕಾಲಿಗೆ ಹೋಗ್ತದ. ಆರಾಧನಿ ಮುಗಿದು ಮಂದಿ ಮನಿಗಿ ಬಂದ ಮ್ಯಾಲ ತಾನೇ ಬರ್ತದ," ಎಂದಳು ನವೊಮಿ.

ಉಸ್ಮಾನ ಮಿಯಾ ಗಡ್ಡ ಕೆರೆದುಕೊಂಡ. ಬೀದರಿನಲ್ಲಿ ಮೂವತ್ತು ವರ್ಷ ಕಂಬ ಹತ್ತಿ ಕೇಬಲ್ ಎಳೆದವನು, ಈಗ ಮನೆಮನೆಗೆ ನೆಟ್ ಹಾಕುವವನು. ಕಂಬದ ಮೇಲಿಂದ ಕೂಗಿ ಕೂಗಿ ರೂಢಿಯಾದ ದನಿ, ನೆಲದ ಮೇಲೆ ನಿಂತಾಗಲೂ ತಗ್ಗುತ್ತಿರಲಿಲ್ಲ. "ಚರ್ಚಿನ ವ್ಯಾಳ್ಯಾಕ್ಕೇ ಹೋಗ್ತದಂದ್ರ ಇದು ವೈರಿನ ಕೆಲಸಲ್ಲ ಟೀಚರ, ಸೈತಾನನ ಕೆಲಸ," ಎಂದು ನಕ್ಕ.

ನವೊಮಿಗೆ ಅದು ನಗುವ ಮಾತಾಗಿರಲಿಲ್ಲ. ಒಂಬತ್ತು ತಿಂಗಳ ಹಿಂದೆ, ಚರ್ಚಿನ ಹಾಡಿನ ತಾಲೀಮಿನಲ್ಲಿ ಅಕ್ಕ ಏಂಜಲಿನಾ ಎಲ್ಲರೆದುರು, "ನಿನ್ನ ಶ್ರುತಿ ತಪ್ಪಲಾಕತ್ತದ, ಈ ಸಲ ನೀ ಹಾಡಬ್ಯಾಡ, ಸುಮ್ಮ ಕೂಡು" ಎಂದುಬಿಟ್ಟಿದ್ದಳು. ಅಂದಿನಿಂದ ಇವಳು ಚರ್ಚಿಗೆ ಹೋಗಿಲ್ಲ, ಅಕ್ಕನ ಜೊತೆ ಮಾತಿಲ್ಲ. ಇಬ್ಬರೂ ಇರುವುದು ಅಪ್ಪ ಕಟ್ಟಿಸಿದ ಒಂದೇ ಮನೆಯಲ್ಲಿ. ನಡುವೆ ಒಂದಿಟ್ಟಿಗೆಯ ಗೋಡೆ. ಆಚೆಯ ಕುಕ್ಕರು ಎಷ್ಟು ಸಲ ಕೂಗಿತೆಂಬುದು ಈಚೆ ಲೆಕ್ಕ ಸಿಗುತ್ತದೆ. ಆರಾಧನೆಯನ್ನು ಚರ್ಚಿನವರು ಯೂಟ್ಯೂಬಿನಲ್ಲಿ ಬಿಡುತ್ತಾರೆ. ಫೋನಿನಲ್ಲಿ ಹಾಡುವವರ ಮುಖ ಕಾಣುವುದಿಲ್ಲವೆಂದು ಲ್ಯಾಪ್‌ಟಾಪ್ ತೆರೆದು ಕೂತರೆ, ಮೊದಲ ಕೀರ್ತನೆಗೆ ಮುಂಚೆಯೇ ನೆಟ್ ಮಾಯ. ಎರಡೂ ಮನೆಗೆ ಸೇರಿ ಇದ್ದ ಹಳೆಯ ಕನೆಕ್ಷನ್ನಿನ ದೋಷವೆಂದು ಹೋದ ತಿಂಗಳು ತನ್ನದೇ ಬೇರೆ ಹಾಕಿಸಿಕೊಂಡಿದ್ದಳು. ಆಮೇಲೂ ಅದೇ ರಾಗ, ಅದೇ ಹಾಡು. ಅದಕ್ಕೇ ಇವತ್ತು ಭಾನುವಾರ ಬೆಳಗ್ಗೆಯೇ ಬಂದು ಕಣ್ಣಾರೆ ನೋಡೆಂದು ಮಿಯಾನನ್ನು ಕರೆಸಿದ್ದಳು.

ಮಿಯಾ ರೌಟರಿನ ವೈರು ಜಗ್ಗಿ ನೋಡಿದ. ಹಸಿರು ದೀಪಗಳನ್ನು ನೋಡಿದ. ಕೊನೆಗೆ ಪ್ಲಗ್ಗನ್ನೇ ಕಿತ್ತು ಕೈಯಲ್ಲಿ ಹಿಡಿದ. ಲ್ಯಾಪ್‌ಟಾಪಿನಲ್ಲಿ ಪರೀಕ್ಷೆಗೆಂದು ಹಚ್ಚಿದ್ದ ವಿಡಿಯೊ ಏನೂ ಆಗದಂತೆ ಓಡುತ್ತಲೇ ಇತ್ತು.

"ನೋಡ್ರಿ ಟೀಚರ. ನನ್ನ ಡಬ್ಬಿ ಬಂದ್ ಆಗ್ಯದ, ನಿಮ್ಮ ನೆಟ್ ಇನ್ನಾ ಓಡಲಾಕತ್ತದ." ಪರದೆಯ ಮೂಲೆಯಲ್ಲಿದ್ದ ವೈಫೈ ಹೆಸರು ತೋರಿಸಿದ. ಶಾಲೋಮ. ಗೇಟಿನ ಮೇಲೆ ಅಪ್ಪ ಬರೆಸಿದ ಮನೆಯ ಹೆಸರು, ಹಳೆಯ ಕನೆಕ್ಷನ್ನಿಗೂ ಅದೇ ಇಟ್ಟಿದ್ದರು. "ಡಬ್ಬಿ ಹಾಕಿದ ದಿನ ಬರೇ ಫೋನಿಗಿ ಕೂಡಿಸೇವಿ. ಈ ಲ್ಯಾಪ್‌ಟಾಪಿನಾಗ ಮೊದಲೇ ನೆಟ್ ಬರ್ತದಂತ ಯಾರೂ ಮುಟ್ಟಿಲ್ಲ. ಇದು ಇನ್ನಾ ನಿಮ್ಮ ಅಕ್ಕೋರ ಡಬ್ಬೀನೇ ಹಿಡಕೊಂಡು ಕುಂತದ."

"ಹಂಗಾದ್ರ ಐತವಾರ ಯಾಕ ಹೋಗ್ತದ?" ಎಂದು ಕೇಳುವಷ್ಟರಲ್ಲೇ ನವೊಮಿಗೆ ಉತ್ತರ ಹೊಳೆಯಿತು. ಮೇನ್ ಸ್ವಿಚ್ ಆರಿಸದೆ ಮನೆಗೆ ಬೀಗ ಹಾಕಬಾರದು ಎಂಬುದು ಅಪ್ಪ ಕಲಿಸಿದ ಪಾಠ. ಅಕ್ಕ ಚರ್ಚಿಗೆ ಹೊರಡುವುದು ಒಂಬತ್ತೂಕಾಲಿಗೆ, ಅವಳ ಡಬ್ಬಿ ಆರುವುದೂ ಆಗಲೇ. ಭಾಲ್ಕಿಯ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷದಿಂದ ಗಣಿತ ಕಲಿಸುವ ತನಗೆ ಇಷ್ಟು ಲೆಕ್ಕ ಬಂದಿರಲಿಲ್ಲ.

"ಆಕಿ ಪಾಸ್‌ವರ್ಡ್ ಬದಲಿ ಮಾಡಿಲ್ಲೇನು?"

"ಅದೇ ಮಜಾ ನೋಡ್ರಿ," ಎಂದ ಮಿಯಾ, ಪ್ಲಗ್ಗನ್ನು ಮತ್ತೆ ಸಿಕ್ಕಿಸುತ್ತ. "ಅಣ್ಣತಮ್ಮರು ಬ್ಯಾರಿ ಆದ್ರಂದ್ರ ಗ್ವಾಡಿ ಆಮ್ಯಾಲ ಕಟ್ಟಸ್ತಾರ, ಪಾಸ್‌ವರ್ಡ್ ಮೊದಲ ಬದಲಿ ಮಾಡಸ್ತಾರ. ಎಷ್ಟು ಮನಿ ನೋಡೇನಿ. ಮಳಿಗಾಲದಾಗ ಸಿಡಿಲು ಬಡದು ಅಕ್ಕೋರ ಡಬ್ಬಿ ಸುಟ್ಟಿತ್ತು. ಹೊಸಾದು ಹಾಕ್ಲಾಕ ನಾನೇ ಬಂದಿದ್ದೆ. ಹೊಸಾ ಹೆಸರು, ಹೊಸಾ ಪಾಸ್‌ವರ್ಡ್ ಇಡ್ಲೇನ್ರಿ ಅಂದೆ. ಬ್ಯಾಡ, ಎರಡೂ ಹಳೇದೇ ಇಡು, ಇಲ್ಲಂದ್ರ ಬಾಜೂಕಿನ ಲ್ಯಾಪ್‌ಟಾಪ್ ಕೂಡಂಗಿಲ್ಲ ಅಂದ್ರು."

ನವೊಮಿ ಪರದೆಯ ಮೂಲೆಯ ಹೆಸರನ್ನು ಮತ್ತೊಮ್ಮೆ ಓದಿದಳು.

"ನಾ ವಿಡಿಯೊ ಪ್ರಾರ್ಥನಿಗಿ ಹಚ್ಚತಿದ್ದಿಲ್ಲ ಭಾಯಿ. ಆಕಿ ಹಾಡೋದು ಕೇಳ್ಲಾಕ ಹಚ್ಚತಿದ್ದೆ. ಒಂಬತ್ತು ತಿಂಗಳಾತು, ಕುಕ್ಕರಿನ ಸೀಟಿ ಬಿಟ್ಟು ಆಕಿ ಕಡಿಂದ ಏನೂ ಕೇಳಿಲ್ಲ."

ಗೋಡೆಯ ನೆನಪಾಗುವಷ್ಟರಲ್ಲಿ ಮಾತು ಆಡಿಯಾಗಿತ್ತು. ಆಚೆ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತು.

ಮಿಯಾ ಮೊದಲ ಸಲ ದನಿ ತಗ್ಗಿಸಿದ. "ಹಳೇದು ತೆಗೆದು ನನ್ನ ಡಬ್ಬಿಗಿ ಕೂಡಸ್ಲೇನ್ರಿ? ಎರಡು ಮಿನಿಟಿನ ಕೆಲಸ. ಆಮ್ಯಾಲ ನಡುವ ಹೋಗಂಗಿಲ್ಲ, ಆರಾಮ ಕೇಳಬಹುದು."

"ಇರಲಿ ಬಿಡ್ರಿ. ಅದು ಅಲ್ಲೇ ಇರಲಿ," ಎಂದಳು ನವೊಮಿ.

ಅವನು ಗಾಂಧಿ ಗಂಜಿನಲ್ಲಿ ಇನ್ನೊಂದು ಕೆಲಸವಿದೆಯೆಂದು ಹೊರಟುಹೋದ. ಆಗ ಒಂಬತ್ತು ಗಂಟೆ ಹತ್ತು ನಿಮಿಷ. ನವೊಮಿ ಚರ್ಚಿನ ವಿಡಿಯೊ ಹಚ್ಚಿ ಕೂತಳು. ಬೆಂಚುಗಳು ತುಂಬುತ್ತಿದ್ದವು. ಒಂಬತ್ತೂಕಾಲಾಯಿತು. ಇನ್ನೇನು ಹೋಗುತ್ತದೆ ಎಂದು ಕಾದಳು. ಹೋಗಲಿಲ್ಲ. ಒಂಬತ್ತು ಇಪ್ಪತ್ತಾಯಿತು. ಹಾಡುವವರು ಒಬ್ಬೊಬ್ಬರಾಗಿ ಬಂದು ನಿಂತರು. ಮುಂದಿನ ಸಾಲಿನಲ್ಲಿ ಅಕ್ಕ ನಿಲ್ಲುವ ಜಾಗ ಖಾಲಿಯಾಗಿತ್ತು, ಅದರ ಪಕ್ಕದಲ್ಲಿ ತಾನು ನಿಲ್ಲುತ್ತಿದ್ದ ಜಾಗವೂ ಖಾಲಿಯಾಗಿತ್ತು. ನೆಟ್ ಇನ್ನೂ ಇತ್ತು. ಆರಾಧನೆಗೆ ಒಂದು ದಿನವೂ ತಡಮಾಡದ ಅಕ್ಕ ಇನ್ನೂ ಮನೆ ಬಿಟ್ಟಿರಲಿಲ್ಲ.

ನವೊಮಿ ಎದ್ದಳು. ಕಪಾಟಿನಿಂದ ಕೀರ್ತನೆಯ ಪುಸ್ತಕ ತೆಗೆದು ಸೆರಗಿನಿಂದ ಧೂಳು ಒರೆಸಿದಳು. ಚಪ್ಪಲಿ ಮೆಟ್ಟಿ ಬೀಗ ಕೈಗೆತ್ತಿಕೊಂಡು, ಬಾಗಿಲ ಬಳಿಯ ಮೇನ್ ಸ್ವಿಚ್ ಕೆಳಗೆಳೆದಳು. ಖಟ್ ಎಂದಿತು.

ಗೋಡೆಯಾಚೆಯಿಂದಲೂ ಖಟ್ ಎಂದಿತು.